ಮಡಿಲಲ್ಲಿಟ್ಟುಕೊಂಡು ತಂದ ಪೆಟ್ಟಿಗೆ

ಕೆಲಸದಿಂದ ನಿವೃತ್ತರಾಗಿ ವರ್ಷ ಕಳೆದರೂ ಬೀದಿಯವರಿಗೆಲ್ಲ ಅವರು ಈಜು ಟೀಚರ್ರೇ. ಸುಮ್ಮನೆ ಕೂರುವ ಜಾಯಮಾನವಲ್ಲ. ದಾನಿಗಳ ಮೂಳೆಮಜ್ಜೆಯನ್ನು ದೂರದ ರೋಗಿಗಳಿಗೆ ಮುಟ್ಟಿಸಲು ಆಸ್ಪತ್ರೆಯವರು ಸ್ವಯಂಸೇವಕರನ್ನು ಹುಡುಕುತ್ತಿದ್ದಾಗ ಮೊದಲು ಹೆಸರು ಕೊಟ್ಟವರು ಅವರೇ.

"ಹನ್ನೊಂದು ಸಾವಿರ ಕಿಲೋಮೀಟರ್ ಕಣೆ, ಎರಡು ವಿಮಾನ," ಎಂದರು ಯಜಮಾನರು. "ಮಂಡಿನೋವು ಅಂತ ಮಾರ್ಕೆಟ್ಟಿಗೇ ಹೋಗಲ್ಲ ನೀನು."

"ಮಾರ್ಕೆಟ್ಟಿಗೆ ನಡೀಬೇಕು. ವಿಮಾನದಲ್ಲಿ ಕೂತಿದ್ರೆ ಸಾಕಲ್ಲ."

ಮಜ್ಜೆ ಇದ್ದ ತಣ್ಣನೆಯ ನೀಲಿ ಪೆಟ್ಟಿಗೆ ಮೂರು ದಿನದೊಳಗೆ ತಲುಪಬೇಕಿತ್ತು. ಅದನ್ನು ಎಕ್ಸ್-ರೇ ಯಂತ್ರಕ್ಕೆ ಹಾಕುವಂತಿಲ್ಲ, ಕಣ್ಣಿಂದ ಮರೆಯಾಗಲು ಬಿಡುವಂತಿಲ್ಲ. ಟೀಚರ್ ಅದನ್ನು ಮಡಿಲಲ್ಲಿಟ್ಟುಕೊಂಡೇ ಹಾರಿದರು, ಶೌಚಾಲಯಕ್ಕೂ ಹೊತ್ತುಕೊಂಡೇ ಹೋದರು.

ವಿಮಾನ ಬದಲಿಸುವ ಊರಿನಲ್ಲಿ ಎಡವಟ್ಟಾಯಿತು. ಎರಡನೆಯ ವಿಮಾನ ಕೆಟ್ಟು ನಿಂತಿತ್ತು.

"ನಾಡಿದ್ದಿನವರೆಗೂ ಬೇರೆ ಇಲ್ಲಮ್ಮ. ಹೋಟೆಲ್ ಕೊಡ್ತೀವಿ," ಎಂದಳು ಕೌಂಟರಿನ ಹುಡುಗಿ.

"ನಾನು ಎಲ್ಲಾದ್ರೂ ಮಲಗ್ತೀನಿ ಮಗಳೇ, ಇದು ಕಾಯಲ್ಲ. ಅಲ್ಲೊಬ್ಬರಿಗೆ ಔಷಧಿ ಕೊಟ್ಟು ಹಳೇ ಮಜ್ಜೆ ಪೂರ್ತಿ ತೆಗೆದುಬಿಟ್ಟಿದಾರೆ. ಇದು ಹೋಗ್ದಿದ್ರೆ ಅವರು ಉಳಿಯಲ್ಲ."

ಹುಡುಗಿ ಪೆಟ್ಟಿಗೆಯನ್ನೊಮ್ಮೆ ನೋಡಿ ಫೋನಿಗೆ ಅಂಟಿಕೊಂಡಳು. ಬೇರೆ ಕಂಪನಿಯ ವಿಮಾನವೊಂದು ಸುತ್ತು ಹಾಕಿ ಅದೇ ಊರಿಗೆ ಹೋಗುತ್ತಿತ್ತು, ಆದರೆ ಭರ್ತಿ. ಇಬ್ಬರೂ ಆ ಗೇಟಿಗೆ ಓಡಿದರು. ಮಂಡಿ ಬೇಡವೆಂದರೂ ಟೀಚರ್ ಕೇಳಲಿಲ್ಲ. ವಿಷಯ ತಿಳಿದು ಸಾಲಿನಲ್ಲಿದ್ದ ಒಬ್ಬ ದಪ್ಪ ಮನುಷ್ಯ ತನ್ನ ಸೀಟು ಬಿಟ್ಟುಕೊಟ್ಟ.

"ಅಕ್ಕ ಕಾಯ್ತಿರ್ತಾಳೆ. ಪರವಾಗಿಲ್ಲ, ನನ್ನ ಬೈಯೋದು ಅವಳಿಗೆ ಅಭ್ಯಾಸ," ಎಂದ.

ಒಂಬತ್ತು ಗಂಟೆಯ ದಾರಿ ಹದಿಮೂರಾಯಿತು. ಟೀಚರ್ ಕಣ್ಣು ಮುಚ್ಚಲಿಲ್ಲ. ಪೆಟ್ಟಿಗೆಯ ಮೇಲಿನ ತಾಪಮಾಪಕವನ್ನು ಆಗಾಗ ನೋಡುತ್ತಲೇ ಇದ್ದರು. ತಂಪು ಕೆಡಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲೇ ಕಾದಿದ್ದ ಡಾಕ್ಟರು ಪೆಟ್ಟಿಗೆ ತೆರೆದು ಪರೀಕ್ಷಿಸಿ ತಲೆಯಾಡಿಸಿದರು.

"ಚೆನ್ನಾಗಿದೆ. ಇವತ್ತೇ ಕೊಡ್ತೀವಿ."

"ಯಾರಿಗೆ ಅಂತ..."

"ಹೇಳೋ ಹಾಗಿಲ್ಲಮ್ಮ. ಆದ್ರೆ ನೀವು ಬರ್ತಿದೀರ ಅಂತ ಅವರಿಗೆ ಹೇಳಿದೀವಿ. ಬೆಳಿಗ್ಗೆಯಿಂದ ಎದ್ದು ಕೂತಿದಾರೆ."

ಟೀಚರ್ ಬರಿಗೈಯಲ್ಲಿ ಹೊರಗೆ ಬಂದು, ಬಿಸಿಲಿನ ಬೆಂಚಿನ ಮೇಲೆ ಕೂತು ಮನೆಗೆ ಫೋನ್ ಮಾಡಿದರು.

"ತಲುಪಿದ್ಯಾ?" ಎಂದರು ಯಜಮಾನರು.

"ತಲುಪಿಸಿದೆ."

ಆ ಕಡೆ ಫೋನನ್ನು ಅಲ್ಲೇ ಇಟ್ಟು ಅವರು ಬಾಗಿಲಿಗೆ ಹೋದದ್ದು ಕೇಳಿಸಿತು. "ರೀ, ಕೇಳಿದ್ರಾ, ನಮ್ಮೋಳು ಮುಟ್ಟಿಸಿದ್ಳಂತೆ," ಎಂದು ಎದುರು ಮನೆಯವರಿಗೆ ಹೇಳುತ್ತಿದ್ದರು, ದಾರಿಯಲ್ಲಿ ಹೋಗುವವರನ್ನೂ ನಿಲ್ಲಿಸಿ ಹೇಳುತ್ತಿದ್ದರು. ಟೀಚರ್ ಫೋನ್ ಕಟ್ ಮಾಡದೆ, ಬೆನ್ನು ನೆಟ್ಟಗೆ ಮಾಡಿಕೊಂಡು, ಪೂರ್ತಿ ಕೇಳಿಸಿಕೊಂಡರು.