ಗೋಡೆಯ ಮೇಲಿನ ತಾರೀಖು

ಶೆಟ್ಟಿಹಳ್ಳಿಯ ದ್ರೌಪದಮ್ಮನ ವರ್ಕ್‌ಶಾಪಿನ ಕಂಪ್ಯೂಟರು ಆ ಸೋಮವಾರ ಬೆಳಿಗ್ಗೆ ಯಾರನ್ನೂ ನಂಬುವ ಸ್ಥಿತಿಯಲ್ಲಿರಲಿಲ್ಲ. ಮಾಲಿನ ಜೊತೆ ಕಳಿಸುವ ಚಲನ್ ತೆಗೆಯುವ ವೆಬ್‌ಸೈಟಿಗೆ ಹೋದರೆ ಕೆಂಪು ಬೀಗದ ಚಿತ್ರ ತೋರಿಸಿ, ಇದರ ಭದ್ರತಾ ಸರ್ಟಿಫಿಕೇಟು ನಂಬಿಕೆಗೆ ಅರ್ಹವಲ್ಲ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿತ್ತು. ಗುಮಾಸ್ತ ಶಿವರಾಮ್ ಅದನ್ನು ಕನ್ನಡಕ್ಕೆ ತಂದ. ಮೂವತ್ತು ವರ್ಷ ತಗಡು ಕತ್ತರಿಸಿ ಮರ್ಯಾದೆಯಿಂದ ಬದುಕಿದ್ದ ದ್ರೌಪದಮ್ಮ ಅದನ್ನು ತನಗೇ ಅಂದಂತೆ ತೆಗೆದುಕೊಂಡರು.

ಹೊರಗೆ ಟೆಂಪೋ ತುಂಬಿಕೊಂಡು ನಿಂತಿತ್ತು. ಹೊಸ ಪ್ರೆಸ್ ಮಿಷನ್ನಿನಲ್ಲಿ ಒತ್ತಿದ ಮೊದಲ ಮಾಲು. ಹೋಗಬೇಕಾದದ್ದು ಯಲಹಂಕದ ಒಂದು ದೊಡ್ಡ ಕಾರ್ಖಾನೆಗೆ. ವೆಬ್‌ಸೈಟು ಕೊಟ್ಟ ನಂಬರಿಲ್ಲದ ಚಲನ್ ತಂದವರನ್ನು ಅಲ್ಲಿಯ ಗೇಟಿನಲ್ಲಿ ಒಳಗೆ ಬಿಡುವುದಿಲ್ಲ. ಗೇಟು ಮುಚ್ಚುವುದು ಒಂದು ಗಂಟೆಗೆ. ಮೊದಲ ಮಾಲೇ ತಡವಾದರೆ ಕೆಲಸ ಬೇರೆಯವರಿಗೆ ಹೋಗುತ್ತದೆ ಎಂದು ಕಾರ್ಖಾನೆಯವರು ಬಹಳ ವಿನಯದಿಂದ ಮೊದಲೇ ತಿಳಿಸಿದ್ದರು. ಆಗ ಹತ್ತೂಮುಕ್ಕಾಲು.

ಆ ಚಲನ್ ವೆಬ್‌ಸೈಟು ಆರ್.ಟಿ. ನಗರದಲ್ಲಿ, ಬೇಕರಿಯೊಂದರ ಮೇಲಿನ ಮಹಡಿಯಲ್ಲಿದ್ದ ಸಣ್ಣ ಕಂಪನಿಯದು. ಗಿರಾಕಿಗಳ ಫೋನು ಎತ್ತುವ ಕೆಲಸ ರುಖ್ಸಾರಳದು. ಸೇರಿ ಮೂರು ತಿಂಗಳಾಗಿತ್ತು. ಅವಳ ಮೇಲಧಿಕಾರಿ ರಘುನಾಥ್ ಅವಳಿಗೊಂದು ಪಟ್ಟಿ ಕೊಟ್ಟಿದ್ದ: ಗಿರಾಕಿಯನ್ನು ಕೇಳಬೇಕಾದ ಹದಿನಾಲ್ಕು ಪ್ರಶ್ನೆಗಳು, ಅದೇ ಕ್ರಮದಲ್ಲಿ. ಲೋಕದ ಸಕಲ ತೊಂದರೆಗಳೂ ಅದರೊಳಗೆ ಇವೆಯೆಂಬುದು ಅವನ ದೃಢ ನಂಬಿಕೆ.

ಶಿವರಾಮನ ಫೋನು ಬಂದಾಗ ರುಖ್ಸಾರ್ ಮೊದಲು ಕೂತಲ್ಲಿಂದಲೇ ಶೆಟ್ಟಿಹಳ್ಳಿಯ ಕಂಪ್ಯೂಟರಿನೊಳಕ್ಕೆ ಲಾಗಿನ್ ಆಗಿ ನೋಡಲು ಹೊರಟಳು. ಅದಕ್ಕೂ ಅದೇ ಸರ್ಟಿಫಿಕೇಟು ಬೇಕು; ಬಾಗಿಲು ತೆರೆಯಲಿಲ್ಲ. ಆ ಸರ್ಟಿಫಿಕೇಟು ಹೊಚ್ಚಹೊಸದು, ಭಾನುವಾರ ರಾತ್ರಿ ರಘುನಾಥನೇ ಕೂತು ಬದಲಾಯಿಸಿದ್ದು. ಉಳಿದ ನಲವತ್ತು ಗಿರಾಕಿಗಳಿಗೆ ಏನೂ ಆಗಿರಲಿಲ್ಲ. ಆದ್ದರಿಂದ ತಪ್ಪು ಶೆಟ್ಟಿಹಳ್ಳಿಯದೇ ಎಂದು ರಘುನಾಥ್ ನೆಮ್ಮದಿಯಿಂದ ತೀರ್ಮಾನಿಸಿದ.

ಅವಳು ಪಟ್ಟಿ ಹಿಡಿದಳು. ಇಂಟರ್ನೆಟ್ ಇದೆಯೇ, ಇದೆ. ಬೇರೆ ಬ್ರೌಸರಿನಲ್ಲಿ ನೋಡಿದಿರಾ, ನೋಡಿದೆ. ಏಳನೆಯ ಪ್ರಶ್ನೆ: ಇವತ್ತು ತಾರೀಖು ಎಷ್ಟಿದೆ? ಶಿವರಾಮ್ ಒಂದು ಕ್ಷಣ ತಡೆದು, ಮೂವತ್ತು, ಜೂನ್, ಎರಡು ಸಾವಿರದ ಹದಿನಾಲ್ಕು ಎಂದ. ಗಂಟೆ? ಹನ್ನೊಂದೂ ಹತ್ತು. ಎರಡೂ ಸರಿಯಾಗಿದ್ದವು. ಹದಿನಾಲ್ಕನೆಯ ಪ್ರಶ್ನೆ ಮುಗಿದಾಗ ಹನ್ನೊಂದೂಮುಕ್ಕಾಲು. ಬೀಗ ಕೆಂಪಾಗಿಯೇ ಇತ್ತು.

ನಾನೇ ಬೈಕಿನಲ್ಲಿ ಹೋಗುತ್ತೇನೆ ಎಂದು ರಘುನಾಥ್ ಹೆಲ್ಮೆಟ್ ಹುಡುಕತೊಡಗಿದ. ಹೆಬ್ಬಾಳ ಮೇಲ್ಸೇತುವೆ ದಾಟಿ ಅವನು ಶೆಟ್ಟಿಹಳ್ಳಿ ಸೇರಿ, ಟೆಂಪೋ ಯಲಹಂಕ ಮುಟ್ಟುವಷ್ಟರಲ್ಲಿ ಕಾರ್ಖಾನೆಯ ಗೇಟಿಗೆ ಬೀಗ ಬಿದ್ದಿರುತ್ತದೆಂಬುದು ಇಬ್ಬರಿಗೂ ಗೊತ್ತಿತ್ತು. ಹೆಲ್ಮೆಟ್ ಮಾತ್ರ ಬೇಗ ಸಿಕ್ಕಿತು.

ಅತ್ತ ದ್ರೌಪದಮ್ಮ ಫೋನನ್ನು ಶಿವರಾಮನ ಕೈಯಿಂದ ಕಿತ್ತುಕೊಂಡಿದ್ದರು. ಬೈಗುಳ ಬರುತ್ತದೆಂದು ರುಖ್ಸಾರ್ ಕಾದಳು.

"ಯಾಕಮ್ಮ, ಗಂಟ್ಲು ಇಷ್ಟೊಂದು ಒಣಗೈತೆ? ಒಸಿ ನೀರಾದ್ರೂ ಕುಡಿ."

"ಇಲ್ಲಮ್ಮ, ಇವತ್ತಿಂದ ಉಪವಾಸ. ನಿನ್ನೆ ಸಂಜೆ ಚಂದ್ರ ಕಾಣಿಸ್ತಲ್ಲ."

"ಓ, ರಂಜಾನಾ. ನೀವು ಚಂದ್ರ ಕಂಡ್ರೆ ಸುರು ಮಾಡ್ತೀರಿ, ನಾವು ಕಾಣ್ದೆ ಓದ್ರೆ ನಿಲ್ಲುಸ್ತೀವಿ. ಶುಕ್ರವಾರ ಅಮಾಸೆ ಇತ್ತಲ್ಲ, ಒಸ ಮಿಷನ್ನು ಓಡ್ಸಿ ನೋಡಿದ್ ಟ್ರಯಲ್ ಚೀಟಿ ಮೇಲೆ ಅಮಾಸೆ ತಾರೀಖು ಬರಬಾರ್ದು ಅಂತ ಶಿವರಾಮನ ಕೈಲಿ ಕಂಪ್ಯೂಟರ್ನ ಒಂದಿನ ಇಂದಕ್ಕೆ ತಿರುಗುಸಿದ್ದೆ. ಇಷ್ಟು ನೇಮ ಮಾಡಿದ್ರೂ ಇಂಗಾಯ್ತು ನೋಡು."

ರುಖ್ಸಾರ್ ಎದ್ದು ನಿಂತಳು. ಬಾಗಿಲಲ್ಲಿ ರಘುನಾಥ್ ಕೂಡ ನಿಂತ.

"ಅಮ್ಮ, ಆಮೇಲೆ ಮುಂದಕ್ಕೆ ತಿರುಗಿಸಿದ್ರಾ?"

ಅತ್ತ ದ್ರೌಪದಮ್ಮ ಫೋನನ್ನು ಶಿವರಾಮನಿಗೆ ಕೊಟ್ಟರು. ಆಮೇಲೆ ಶಿವರಾಮನ ಕ್ಷೀಣ ಸ್ವರ. ಪರದೆಯ ಮೂಲೆಯಲ್ಲಿ ಇಪ್ಪತ್ತೊಂಬತ್ತು ಇದೆಯಂತೆ. ಹಾಗಾದರೆ ಮೂವತ್ತು ಅಂದದ್ದು? ತಾರೀಖು ಕೇಳಿದಿರಲ್ಲ, ಕ್ಯಾಲೆಂಡರ್ ನೋಡಿ ಹೇಳಿದೆ ಎಂದ. ಅವನ ತಲೆಯ ಮೇಲೆಯೇ ದೊಡ್ಡ ಅಂಕಿಯ ಕ್ಯಾಲೆಂಡರ್ ತೂಗುತ್ತಿರುವಾಗ ಯಾವ ಸಭ್ಯ ಮನುಷ್ಯ ಕಂಪ್ಯೂಟರ್ ನೋಡುತ್ತಾನೆ?

ಶಿವರಾಮನ ಕಂಪ್ಯೂಟರಿನಲ್ಲಿ ಇನ್ನೂ ಭಾನುವಾರ. ಹೊಸ ಸರ್ಟಿಫಿಕೇಟು ಸೋಮವಾರದಿಂದ ಜಾರಿ. ನಾಳೆಯ ಪಾಸು ತೋರಿಸಿದವನನ್ನು ಇವತ್ತು ಒಳಗೆ ಬಿಡದ ವಾಚ್‌ಮನ್ನಿನಂತೆ ಆ ಯಂತ್ರ ಬೆಳಗಿನಿಂದ ನಿಷ್ಠೆಯಾಗಿ ದುಡಿಯುತ್ತಿತ್ತು.

ತಾರೀಖು ತಿದ್ದಲು ಅರ್ಧ ನಿಮಿಷ ಹಿಡಿಯಿತು. ಬೀಗ ಹಸಿರಾಯಿತು. ಆರ್.ಟಿ. ನಗರದಿಂದಲೂ ಲಾಗಿನ್ ಆಯಿತು. ಶೆಟ್ಟಿಹಳ್ಳಿಯ ಪರದೆ ರುಖ್ಸಾರಳ ಕಣ್ಣೆದುರು ಬಂದು ನಿಂತಿತು. ಅವಳೇ ಚಲನ್ ತುಂಬಿದಳು. ಕೊನೆಯ ಗುಂಡಿ ಒತ್ತುವುದಷ್ಟೇ ಬಾಕಿ. ಆಗ ದ್ರೌಪದಮ್ಮ ತಡೆದರು.

"ತಾಳಮ್ಮ. ಚೀಟಿ ಮೇಲೆ ಇವತ್ತಿನ ತಾರೀಖೇ ಬತ್ತದಾ? ಆಸಾಡ ಕಣೇ. ಮೊದ್ಲು ಮಾಲು ಆಸಾಡದಾಗೆ ಕಳ್ಸದಾ?"

ಹನ್ನೆರಡೂ ಐದು. ಹದಿನಾಲ್ಕು ಪ್ರಶ್ನೆಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ. ರಘುನಾಥ್ ಹೆಲ್ಮೆಟ್ ತೆಗೆದು ಮೇಜಿನ ಮೇಲಿಟ್ಟ.

"ಅಮ್ಮ, ನಮ್ಮ ಲೆಕ್ಕದಲ್ಲಿ ಇವತ್ತು ರಂಜಾನ್ ಮೊದಲನೇ ದಿನ. ಇಡೀ ವರ್ಷದಲ್ಲಿ ಇದಕ್ಕಿಂತ ಒಳ್ಳೇ ತಿಂಗಳು ನಮಗಿಲ್ಲ."

ದ್ರೌಪದಮ್ಮ ಯೋಚಿಸಿದರು. ಟೆಂಪೋ ಎಂಜಿನ್ನಿನ ಸದ್ದು ಫೋನಿನಲ್ಲಿ ಕೇಳಿಸುತ್ತಿತ್ತು.

"ಅಂಗಾದ್ರೆ ನಿಮ್ಮ ಲೆಕ್ಕದಾಗೇ ತೆಗಿ," ಎಂದರು.

ಶಿವರಾಮ್ ಚಲನ್ ಹಿಡಿದು ಟೆಂಪೋ ಹತ್ತಿದ. ಇತ್ತ ರಘುನಾಥ್ ಏನೂ ಆಗದವನಂತೆ ಪಟ್ಟಿಯ ಏಳನೆಯ ಪ್ರಶ್ನೆಯನ್ನು ತಿದ್ದಿದ: ಪರದೆಯ ಮೇಲೆ ತಾರೀಖು ಎಷ್ಟಿದೆ? ಕೆಳಗೆ ರುಖ್ಸಾರ್ ತನ್ನ ಕೈಯಿಂದಲೇ ಸೇರಿಸಿದಳು: ಗೋಡೆ ನೋಡಬೇಡಿ.

ಒಂದು ಗಂಟೆಗೆ ಎಂಟು ನಿಮಿಷ ಇರುವಾಗ ಫೋನು ಹೊಡೆದುಕೊಂಡಿತು.

"ಗಾಡಿ ಗೇಟೊಳಿಕ್ಕೆ ಓಯ್ತು ಕಣಮ್ಮ," ಎಂದರು ದ್ರೌಪದಮ್ಮ. ಧನ್ಯವಾದ ಹೇಳುವುದು ಅವರಿಗೆ ರೂಢಿಯಿರಲಿಲ್ಲ. "ಈಗ ಫೋನ್ ಮಡುಗು. ಸಂಜೆಗಂಟ ಯಾರತ್ರಾನೂ ಮಾತಾಡ್ಬ್ಯಾಡ. ಗಂಟ್ಲು ಉಳುಸ್ಕೊ."