ಗೊತ್ತು, ಆದರೆ ಹೇಳೋದಿಲ್ಲ

ಎಲ್ಮ್ ಎಂಬ ಕಂಪ್ಯೂಟರ್ ಭಾಷೆ ಹುಟ್ಟಿದ್ದೇ ವೆಬ್ ಪುಟಗಳಿಗಾಗಿ. ಅದರಲ್ಲಿ ಕಪ್ಪು ಪರದೆಯ ಮೇಲೆ ಬರೀ ಅಕ್ಷರ ಒತ್ತಿ ನಡೆಸುವ ಪ್ರೋಗ್ರಾಮ್ ಬರೆಯುತ್ತೇನೆಂದು ಮೈತ್ರಿ ಹೊರಟಾಗ ನಾನು ಹಣೆ ಚಚ್ಚಿಕೊಂಡೆ. ಜೇವರ್ಗಿಯಲ್ಲಿ ನಾವಿಬ್ಬರೂ ಸೇರಿ ಸಣ್ಣದೊಂದು ಸಾಫ್ಟ್‌ವೇರ್ ಅಂಗಡಿ ಇಟ್ಟಿದ್ದೇವೆ. ಅವಳಿಗೆ ಹಟ, ನನಗೆ ಸಿಟ್ಟು. ಅಂಗಡಿ ಹೇಗೋ ನಡೆದಿದೆ.

"ಆ ಭಾಷಾಕ್ಕ ಪರದೆ ಮ್ಯಾಲ ಒಂದಕ್ಷರ ತಾನಾಗೇ ಮೂಡಿಸಾಕ ಬರಂಗಿಲ್ಲಲೇ" ಎಂದೆ.

"ಬಾಗಿಲದಾಗ ಒಂದ್ಚೂರು ಜಾವಾಸ್ಕ್ರಿಪ್ಟ್ ಭಾಷಾ ನಿಂದರಸ್ತೇನಿ. ಒಳಗಿಂದ ಎಲ್ಮ್ ಹೇಳಿದ್ದನ್ನ ಅದು ಹೊರಗ ಮಾಡ್ತೈತಿ. ನೀ ಸುಮ್ಕಿರು, ಅನೂಪ."

ಗಿರಾಕಿ ಬೇರೆ ಯಾರೂ ಅಲ್ಲ, ಅವಳ ತಾಯಿ ಭಾಗಮ್ಮ. ಬಸ್‌ಸ್ಟ್ಯಾಂಡಿನ ಪಕ್ಕ ಅವರ ರೊಟ್ಟಿ ಕೇಂದ್ರ. ಅಲ್ಲಿನ ಹಳೇ ಲ್ಯಾಪ್‌ಟಾಪ್ ಬ್ರೌಸರ್ ತೆರೆದರೆ ಉಬ್ಬಸ ಬಂದವರಂತೆ ಒದ್ದಾಡುತ್ತಿತ್ತು. ಕಪ್ಪು ಪರದೆಯಾದರೆ ಸಲೀಸು. ಬೆಳಿಗ್ಗೆ ಖಡಕ್ ರೊಟ್ಟಿಯ ಗಂಟುಗಳು ಬಸ್ಸಿನಲ್ಲಿ ಅಫಜಲಪುರಕ್ಕೂ ಆಳಂದಕ್ಕೂ ಹೋಗುತ್ತವೆ. ಯಾರಿಗೆ ಸೇರಬೇಕೆಂದು ಅವುಗಳ ಮೇಲೆ ಅಂಟಿಸುವ ಚೀಟಿ ಅಚ್ಚು ಹಾಕುವುದೇ ಮೈತ್ರಿಯ ಪ್ರೋಗ್ರಾಮಿನ ಕೆಲಸ.

"ಮೊದಲ್ನೇ ದಿನಾ ಒಂದು ಗಂಟು ಹಿಂದ ಉಳೀತಂದ್ರೂ ನಿನ್ನ ಪ್ರೋಗ್ರಾಮ್ ಬ್ಯಾಡ. ನನಗ ಸ್ಕೆಚ್ ಪೆನ್ನೇ ಸಾಕು" ಎಂದಿದ್ದರು ಭಾಗಮ್ಮ. ಮಗಳ ಮುಖ ಅಂದು ಸಣ್ಣದಾಗಿತ್ತು.

ಮೊದಲ ದಿನ ನಾನೂ ಮೈತ್ರಿಯೂ ಕೇಂದ್ರದಲ್ಲೇ ಕೂತಿದ್ದೆವು. ಅಫಜಲಪುರದ ಗಂಟುಗಳು ತಕರಾರಿಲ್ಲದೆ ಹೋದವು. ಆಳಂದದ ಬಸ್ಸು ಬಂದು ನಿಂತಾಗ ಹೀರಾಬಾಯಿ ಬಂದರು. ಹವಳಗಾ ಕಡೆಯವರು, ಊರಿಗೆ ಹೊಸಬರು. ಆಳಂದದಲ್ಲಿ ಕೆಲಸಕ್ಕಿರುವ ಗಂಡನಿಗೆ ರೊಟ್ಟಿ ಕಳಿಸಬೇಕಿತ್ತು.

"ಯಾರಿಗೆ?" ಎಂದು ಪರದೆ ಕೇಳಿತು.

"ಮನಿಯವರಿಗ್ರಿ."

"ಹೆಸರು ಹೇಳ್ರಿ" ಎಂದಳು ಮೈತ್ರಿ.

ಹೀರಾಬಾಯಿ ನಾಚಿ ಸೆರಗು ಬಾಯಿಗೆ ಹಿಡಿದರು. ಗಂಡನ ಹೆಸರು ಬಾಯಲ್ಲಿ ತರುವುದೇ? ಫೋನಿನಲ್ಲಾದರೂ ಇದ್ದೀತೆಂದು ನೋಡಿದೆ. ಅಲ್ಲೂ 'ಮನಿಯವರು' ಎಂದೇ ಇತ್ತು. ರಿಂಗ್ ಮಾಡಿದೆ, ಎತ್ತಲಿಲ್ಲ. ಖಾಲಿ ಬಿಟ್ಟು, ಇಲ್ಲವೇ 'ಮನಿಯವರು' ಎಂದೇ ಹಾಕಿ ಮುಂದೆ ಹೋಗೋಣವೆಂದರೆ ಮೈತ್ರಿಯ ಪ್ರೋಗ್ರಾಮ್ ಒಪ್ಪಲಿಲ್ಲ; ಅಂಥ ಮಾತುಗಳನ್ನು ಹೆಸರೆಂದು ತೆಗೆದುಕೊಳ್ಳದಂತೆ ಅವಳು ಬರೆದಿದ್ದಳು.

"ಯಾವುದಾರ ಒಂದು ಹೆಸರು ಹಾಕ್ರಿ ಅತ್ತಾಗ" ಎಂದೆ ಸಿಟ್ಟಿನಲ್ಲಿ.

"ಅಯ್ಯ! ನನ್ನ ರೊಟ್ಟಿ ಬ್ಯಾರೆ ಗಂಡಸಿನ ಹೆಸರಿಗೇನ್ರಿ?" ಎಂದು ಹೀರಾಬಾಯಿ ನನ್ನನ್ನು ನೋಡಿದ ನೋಟಕ್ಕೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಹೊರಗೆ ಕಂಡಕ್ಟರ್ ಅಣ್ಣಾರಾಯ ಸೀಟಿ ಊದಿದ. ಭಾಗಮ್ಮನ ಕೈ ಸ್ಕೆಚ್ ಪೆನ್ನಿನತ್ತ ಹೋಯಿತು.

"ಅವ್ವಾ, ತಡಿ!" ಮೈತ್ರಿ ತನ್ನ ಲ್ಯಾಪ್‌ಟಾಪ್ ತೆರೆದಳು. ಪ್ರೋಗ್ರಾಮಿನ ಪ್ರಕಾರ ಹೆಸರು ಎಂದರೆ ಇಲ್ಲಿಯವರೆಗೆ ಒಂದೇ ಬಗೆ: ಹೇಳಿದ ಹೆಸರು. ಅದರ ಕೆಳಗೆ ಇನ್ನೊಂದು ಬಗೆ ಸೇರಿಸಿದಳು: ಗೊತ್ತು, ಆದರೆ ಹೇಳೋದಿಲ್ಲ. ಕೂಡಲೇ ಎಲ್ಮ್ ತಕರಾರು ತೆಗೆಯಿತು. ಹಾಗಾದರೆ ಚೀಟಿಯಲ್ಲಿ ಏನು ಬರೆಯಲಿ? ಪಟ್ಟಿಯಲ್ಲಿ ಏನು ತೋರಿಸಲಿ? ಮರೆತ ಜಾಗವನ್ನೆಲ್ಲ ಅದೇ ಬೆರಳಿಟ್ಟು ತೋರಿಸಿತು, ಅವಳು ತುಂಬುತ್ತಾ ಹೋದಳು. ನಾನು ಓಡಿ ಹೋಗಿ ಅಣ್ಣಾರಾಯನಿಗೆ ಚಹಾ ಕುಡಿಸಿದೆ. ನಿಜ ಹೇಳಬೇಕೆಂದರೆ, ಆ ಹೊತ್ತಿಗೆ ಅವಳು ಗೆಲ್ಲಲೆಂದು ನನಗೂ ಜೀವ ಚಡಪಡಿಸುತ್ತಿತ್ತು.

ಚಹಾ ಮುಗಿಯುವಷ್ಟರಲ್ಲಿ ಚೀಟಿ ಹೊರಬಂತು: 'ಹೀರಾಬಾಯಿ ಅವರ ಮನೆಯವರು, ಆಳಂದ', ಕೆಳಗೆ ಅವರ ಫೋನ್ ನಂಬರ್. ಗಂಟು ಬಸ್ಸು ಹತ್ತಿತು. ಭಾಗಮ್ಮ ಸ್ಕೆಚ್ ಪೆನ್ನಿಗೆ ಮುಚ್ಚಳ ಹಾಕಿದರು.

ಸಂಜೆ ಆಳಂದದಿಂದ ಕೇಂದ್ರಕ್ಕೆ ಫೋನ್ ಬಂತು, ಭಾಗಮ್ಮ ಸ್ಪೀಕರ್ ಹಾಕಿದರು. ಹೀರಾಬಾಯಿಯ ಗಂಡ.

"ಕಂಡಕ್ಟರ್ ಇಡೀ ಸ್ಟ್ಯಾಂಡಿಗೆ ಕೇಳೂವಂಗ 'ಹೀರಾಬಾಯಿ ಮನಿಯವರು ಯಾರ್ರಿ' ಅಂತ ಒದರಿದ್ನ್ರಿ. ನಾ ಕೈ ಎತ್ತಿ 'ನಾನೇರಿ' ಅಂದೆ. ಮಂದಿ ಎಲ್ಲಾ ನಕ್ರು. ನನಗ ಭಾಳ ಖುಷಿ ಆತ್ರಿ."

"ಮುಂದಿನ ಸಲ ನಿಮ್ಮ ಹೆಸರೇ ಹಾಕ್ತೇವ್ರಿ. ಹೆಸರೇನು?" ಭಾಗಮ್ಮ ಕೇಳಿದರು.

"ಬ್ಯಾಡ್ರಿ. ಹಂಗೇ ಇರ್ಲಿ."

ರೊಟ್ಟಿ ಮುಟ್ಟಿತೋ ಎಂದು ಕೇಳಲು ಬಂದಿದ್ದ ಹೀರಾಬಾಯಿ ಮುಖ ಆ ಕಡೆ ತಿರುಗಿಸಿಕೊಂಡರು. ಅವರ ಗಂಡನ ಹೆಸರು ನಮಗ್ಯಾರಿಗೂ ಇವತ್ತಿಗೂ ಗೊತ್ತಿಲ್ಲ. ರೊಟ್ಟಿ ಮಾತ್ರ ವಾರ ವಾರ ಮುಟ್ಟುತ್ತಿದೆ.