ಹದಿನೇಳನೇ ನಂಬರಿನ ರಜೆಯ ಸುತ್ತು

ಬೇಸಿಗೆ ರಜೆಯ ಮೊದಲ ಭಾನುವಾರ ನಮ್ಮ ಮನೆಯವರೆಲ್ಲ ಹದಿನೇಳನೇ ನಂಬರಿನ ಸಿಟಿ ಬಸ್ಸು ಹತ್ತಿ, ಮೊದಲ ಸ್ಟಾಪಿನಿಂದ ಕೊನೆಯ ಸ್ಟಾಪಿನವರೆಗೆ ಹೋಗಿ, ಅದೇ ಬಸ್ಸಿನಲ್ಲಿ ವಾಪಸ್ ಬರುತ್ತೇವೆ. ಬೇರೆಯವರು ಬೆಟ್ಟಕ್ಕೆ ಹೋಗುತ್ತಾರೆ, ಸಮುದ್ರಕ್ಕೆ ಹೋಗುತ್ತಾರೆ. ನಾವು ಇಪ್ಪತ್ತಮೂರು ಸ್ಟಾಪು ಹೋಗುತ್ತೇವೆ. ಇದನ್ನು ಶುರುಮಾಡಿದವರು ಇವರು. ಇವರು ಎಂದರೆ ನನ್ನ ಗಂಡ, ಹದಿನಾಲ್ಕು ವರ್ಷದಿಂದ ಆ ಬಸ್ಸಿನ ಡ್ರೈವರು. ಊರಿಗೆ ಊರೇ ತಿರುಗಾಡಲು ಹೊರಟಾಗ ಡ್ರೈವರಿಗೆ ರಜೆ ಎಲ್ಲಿಂದ ಬರಬೇಕು? ಹಾಗಾಗಿ ಇವರು ತಮ್ಮ ಕೆಲಸವನ್ನೇ ನಮ್ಮ ಪ್ರವಾಸ ಮಾಡಿಬಿಟ್ಟರು.

ಪ್ರವಾಸಕ್ಕೊಂದು ಆಟವೂ ಇದೆ. ಹಿಂದಿನ ದಿನ ಚೀಟಿ ಎತ್ತಿ ಸ್ಟಾಪುಗಳನ್ನು ಹಂಚಿಕೊಳ್ಳುತ್ತೇವೆ. ನಿಮ್ಮ ಸ್ಟಾಪು ಬಂದಾಗ, ಬಸ್ಸು ನಿಂತು ಹೊರಡುವಷ್ಟರಲ್ಲಿ, ಹೋದ ವರ್ಷಕ್ಕೂ ಈ ವರ್ಷಕ್ಕೂ ಅಲ್ಲಿ ಏನು ಬದಲಾಗಿದೆ ಎಂದು ಹೇಳಬೇಕು. ಹೇಳಲಾಗದವರು ವಾರವಿಡೀ ಪಾತ್ರೆ ತೊಳೆಯಬೇಕು. ನನ್ನ ಅತ್ತೆ ಇದುವರೆಗೆ ಒಂದು ಲೋಟವನ್ನೂ ತೊಳೆದಿಲ್ಲ. "ಆ ಗೋಡೆ ಹೋದ ವರ್ಷಕ್ಕಿಂತ ಹಳೇದಾಗಿದೆ" ಎಂದುಬಿಡುತ್ತಾರೆ. ಅದನ್ನು ಯಾರು ಅಲ್ಲಗಳೆಯುವುದು?

ಮಳೆ ಶುರುವಾದ ಮೊದಲ ಭಾನುವಾರ ಮನೆಯ ಛತ್ರಿಗಳನ್ನೆಲ್ಲ ನಡುಮನೆಯಲ್ಲಿ ಬಿಚ್ಚಿಟ್ಟು ಅವುಗಳ ಕೆಳಗೆ ಕೂತು ಊಟ ಮಾಡುತ್ತೇವೆ. ಚಳಿ ಶುರುವಾದ ದಿನ ಎಲ್ಲರ ಹಾಸಿಗೆಯನ್ನೂ ಒಂದೇ ಕೋಣೆಗೆ ಎಳೆಯುತ್ತೇವೆ. ಇವೂ ಇವರದೇ ತಲೆಯಿಂದ ಬಂದ ಕಾನೂನುಗಳು. ಆದರೆ ಮಕ್ಕಳು ವರ್ಷವಿಡೀ ಕಾಯುವುದು ರಜೆಯ ಸುತ್ತಿಗೆ.

ಈ ವರ್ಷ ಸ್ಟೀರಿಂಗು ಇವರ ಕೈಯಲ್ಲಿರಲಿಲ್ಲ. ನಾಲ್ಕು ತಿಂಗಳ ಹಿಂದೆ, ಹನ್ನೊಂದನೇ ಸ್ಟಾಪಿನ ಹತ್ತಿರ, ರಸ್ತೆ ದಾಟುತ್ತಿದ್ದ ಗಡಿಯಾರ ರಿಪೇರಿಯ ಅಜ್ಜನಿಗೆ ಇವರ ಬಸ್ಸು ಬಡಿಯಿತು. ಅಜ್ಜನ ಬಲಗೈ ಮುರಿಯಿತು, ತಲೆಗೆ ಪೆಟ್ಟಾಯಿತು, ಜೀವ ಉಳಿಯಿತು. ವಿಚಾರಣೆಯಲ್ಲಿ ಅಜ್ಜನೇ, "ನನಗೇ ಗಮನ ಇರಲಿಲ್ಲ, ಡ್ರೈವರದ್ದು ತಪ್ಪಿಲ್ಲ" ಎಂದು ಬರೆದುಕೊಟ್ಟರು. ಇವರ ಮೇಲೆ ಒಂದು ಕಪ್ಪುಚುಕ್ಕೆಯೂ ಬೀಳಲಿಲ್ಲ. ಆದರೂ ಇವರು ಕೆಲಸಕ್ಕೆ ಹೋಗಲಿಲ್ಲ. ಬೆನ್ನುನೋವು ಎಂದು ರಜೆ ಮೇಲೆ ರಜೆ ಹಾಕಿದರು. ಮಕ್ಕಳಿಗೂ ಅದನ್ನೇ ಹೇಳಿದ್ದೆವು. ಕೊನೆಗೆ ಡಿಪೋದಿಂದ ಕಾಗದ ಬಂತು. ಸೋಮವಾರ ಬೆಳಿಗ್ಗೆ ಬಂದು ಬಸ್ಸು ಓಡಿಸಬೇಕು, ಇಲ್ಲವೇ ಡ್ರೈವರ್ ಕೆಲಸ ಬೇಡವೆಂದು ಬರೆದುಕೊಡಬೇಕು. ರಜೆಯ ಸುತ್ತು ಬಿದ್ದದ್ದು ಅದರ ಹಿಂದಿನ ದಿನ.

ಇವರ ಬೆನ್ನಿಗೆ ಏನೂ ಆಗಿಲ್ಲವೆಂದು ನನಗೆ ಗೊತ್ತಿತ್ತು. ನನಗೆ ಇನ್ನೊಂದೂ ಗೊತ್ತಿತ್ತು. ನಾನು ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿಗೆ ಕೂತು ಫೋನು ಎತ್ತುವವಳು. ಫೋನು ಕೈಯಲ್ಲಿದ್ದರೆ ಮನಸ್ಸಿಗೆ ಬಂದದ್ದನ್ನು ಆಗಿಂದಾಗಲೇ ಯಾರಿಗಾದರೂ ಹೇಳಿ ಮುಗಿಸುವ ಚಾಳಿ. ಅಪಘಾತ ಹತ್ತು ಗಂಟೆ ನಲವತ್ತೆರಡು ನಿಮಿಷಕ್ಕೆ ಎಂದು ವಿಚಾರಣೆಯ ಕಾಗದದಲ್ಲಿದೆ. ಹತ್ತು ನಲವತ್ತೆರಡಕ್ಕೆ ನಾನು ಇವರಿಗೆ ಫೋನು ಮಾಡಿದ್ದೆ, ಸಂಜೆ ಬರುವಾಗ ಬಚ್ಚಲಿಗೆ ಒಂದು ಬಲ್ಬು ತನ್ನಿ ಎನ್ನಲು. ಇವರು ಎತ್ತಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಮನೆಯಲ್ಲಿ ಯಾರು ಫೋನಿನ ಮಾತೆತ್ತಿದರೂ ನಾನು ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ. ಇವರು ಒಂದು ದಿನವೂ ಅದನ್ನು ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಇವರು ಮತ್ತೆ ಸ್ಟೀರಿಂಗು ಹಿಡಿದರೆ ನನ್ನ ತಪ್ಪು ಅಳಿಸಿಹೋಗುತ್ತದೆ ಎಂದು ನಂಬಿದ್ದೆ. ಅದಕ್ಕೇ ನಾಲ್ಕು ತಿಂಗಳು, ಹೋಗಿ ಹೋಗಿ ಎಂದು ಇವರ ಪ್ರಾಣ ತಿಂದೆ.

ಆ ಭಾನುವಾರ ಬಸ್ಸು ಓಡಿಸುತ್ತಿದ್ದವನು ಇವರ ಜೊತೆಗಾರ, ಡಿಪೋದವರೆಲ್ಲ ಮೀಸೆ ಎಂದು ಕರೆಯುವವನು. ನಾವು ಹತ್ತಿದ್ದೇ ತಡ, ಹಿಂದಕ್ಕೆ ತಿರುಗಿ ನಕ್ಕ.

"ಏನಣ್ಣಾ, ನಾಳೆಯಿಂದ ಬರ್ತೀಯ ತಾನೆ? ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು. ತಪ್ಪಿತಲ್ಲ, ಬಾ ಇನ್ನು."

"ನೋಡೋಣ" ಎಂದರು ಇವರು.

ಅತ್ತೆ ಎಂದಿನಂತೆ ಕಿಟಕಿ ಹಿಡಿದರು. ಅವರ ತೊಡೆಯ ಮೇಲೆ ಕಲ್ಲಂಗಡಿ ಹಣ್ಣಿನ ಡಬ್ಬಿ. ಹದಿಮೂರು ವರ್ಷದ ದೊಡ್ಡ ಮಗಳು ಪಕ್ಕದಲ್ಲಿ. ಎಂಟರ ಚಿಕ್ಕವಳು ಕಂಬ ಹಿಡಿದು ನಿಂತಳು. ಅವಳು ಬಸ್ಸಿನಲ್ಲಿ ಯಾವತ್ತೂ ಕೂರುವುದಿಲ್ಲ, ಹೊರಡುವಾಗೆಲ್ಲ ರೈಟ್ ರೈಟ್ ಎನ್ನುತ್ತಾಳೆ. ಅದಕ್ಕೇ ಅವಳಿಗೆ ಮನೆಯಲ್ಲಿ ಕಂಡಕ್ಟರ್ ಎಂದೇ ಹೆಸರು. ಇವರೂ ನಾನೂ ಡ್ರೈವರ್ ಸೀಟಿನ ಹಿಂದೆಯೇ ಕೂತೆವು.

ಕೂತೆವು ಎನ್ನುವುದು ಮಾತಿಗೆ. ಇವರು ಮುಳ್ಳಿನ ಮೇಲೆ ಕೂತ ಹಾಗಿದ್ದರು. ಮುಂದೆ ಒಂದು ಸೈಕಲ್ ಅಡ್ಡ ಬಂದರೆ ಇವರ ಬಲಗಾಲು ನೆಲವನ್ನು ಒತ್ತುತ್ತಿತ್ತು. ತಿರುವು ಬಂದರೆ ಹೆಗಲು ತಿರುಗುತ್ತಿತ್ತು. ಮೀಸೆ ಗೇರು ಬದಲಿಸುವ ಮೊದಲೇ ಇವರ ಕೈ ಬದಲಿಸಿ ಆಗಿರುತ್ತಿತ್ತು. ನಾನೇನು ಕಮ್ಮಿ? ಕೈಚೀಲದ ಜಿಪ್ಪು ತೆಗೆದೆ, ಹಾಕಿದೆ, ಮತ್ತೆ ತೆಗೆದೆ.

"ಸುಮ್ಮನೆ ಕೂತ್ಕೊಳ್ರೀ" ಎಂದೆ.

"ನೀನು ಆ ಜಿಪ್ಪು ಬಿಡು ಮೊದಲು."

ನಾಲ್ಕನೇ ಸ್ಟಾಪು ದೊಡ್ಡವಳದು. ಬೇಕರಿಯ ಬಾಗಿಲಿಗೆ ಹೊಸ ಬಣ್ಣ ಬಂದಿದೆ ಎಂದಳು, ಗೆದ್ದಳು. ಏಳನೆಯದು ಅತ್ತೆಯದು. "ಆ ನಾಯಿ ದಪ್ಪ ಆಗಿದೆ" ಎಂದರು. ಅದು ಅದೇ ನಾಯಿ ಅಲ್ಲ ಎಂದು ಚಿಕ್ಕವಳು ಜಗಳ ತೆಗೆದಳು. "ಹಾಗಾದ್ರೆ ನಾಯಿನೇ ಬದಲಾಗಿದೆ, ಆಗಲೂ ನಾನೇ ಗೆದ್ದೆ" ಎಂದರು ಅತ್ತೆ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಇವರು ನಗಲಿಲ್ಲ. ಒಂಬತ್ತು ದಾಟಿತು. ಹತ್ತು ಬಂತು. ಹನ್ನೊಂದರ ಚೀಟಿ ಯಾರ ಕೈಗೆ ಹೋಗಿದೆಯೆಂದು ನಾನು ಹಿಂದಿನ ದಿನವೇ ಕೇಳಬೇಕಿತ್ತು. ಕೇಳಲು ಹೆದರಿ ಸುಮ್ಮನಿದ್ದೆ.

"ಹನ್ನೊಂದು ಅಪ್ಪಂದು" ಎಂದು ಚಿಕ್ಕವಳು ಕೂಗಿದಳು. "ಅಪ್ಪಾ, ಬೇಗ ಹೇಳು."

ಬಸ್ಸು ನಿಂತದ್ದು ಗಡಿಯಾರದ ಅಂಗಡಿಯ ಎದುರಿಗೇ. ಇಬ್ಬರು ಇಳಿದರು, ಒಬ್ಬಳು ಹತ್ತಿದಳು. ಇವರು ಕಿಟಕಿಯ ಆಚೆ ನೋಡುತ್ತಲೇ ಇದ್ದರು. ಅಪ್ಪ ಸೋತುಬಿಡುತ್ತಾನೆಂದು ಮಗುವಿಗೆ ಮರುಕ ಬಂತು. ಕಿವಿಯ ಹತ್ತಿರ ಬಾಗಿ, ಎಲ್ಲರಿಗೂ ಕೇಳುವಂತೆಯೇ ಪಿಸುಗುಟ್ಟಿದಳು.

"ಬೋರ್ಡು ಹೊಸದು ಅಪ್ಪ. ಓದು. ರಿಪೇರಿ ಇಲ್ಲ, ಬ್ಯಾಟರಿ ಬೆಲ್ಟು ಮಾತ್ರ ಅಂತಿದೆ."

ಇವರು ಎದ್ದರು. "ತಡಿ ಮೀಸೆ, ಇಳೀತೀನಿ" ಎಂದವರೇ ಇಳಿದುಬಿಟ್ಟರು. ಮಕ್ಕಳು ನನ್ನ ಮುಖ ನೋಡಿದರು. ನಾನು ಅತ್ತೆಯ ಮುಖ ನೋಡಿದೆ.

"ನೀನೂ ಇಳಿ" ಎಂದರು ಅತ್ತೆ. "ಮಕ್ಕಳನ್ನ ನಾನು ಕರ್ಕೊಂಡು ಹೋಗಿ ಬರ್ತೀನಿ. ಹಣ್ಣು ನನ್ನ ಹತ್ರಾನೇ ಇದೆಯಲ್ಲ."

ನಾನು ಇಳಿಯುವಷ್ಟರಲ್ಲಿ ಇವರು ಫುಟ್‌ಪಾತಿನ ಮೇಲೆ ನಾಲ್ಕು ಹೆಜ್ಜೆ ಅತ್ತ, ನಾಲ್ಕು ಹೆಜ್ಜೆ ಇತ್ತ ನಡೆಯುತ್ತಿದ್ದರು. ಬಸ್ಸು ಹೋಯಿತು. ಇನ್ನು ತಡೆದರೆ ಎದೆ ಒಡೆಯುತ್ತದೆ ಎನ್ನಿಸಿತು.

"ರೀ, ಅವತ್ತು ಫೋನ್ ಮಾಡಿದ್ದು ನಾನು" ಎಂದೆ. "ಸರಿಯಾಗಿ ಅದೇ ಹೊತ್ತಿಗೆ. ಒಂದು ಬಲ್ಬಿಗೋಸ್ಕರ. ನನ್ನಿಂದಾನೇ ಹೀಗಾಯ್ತು. ಬೈದುಬಿಡಿ, ಬೈದು ನಾಳೆ ಕೆಲಸಕ್ಕೆ ಹೋಗಿ."

ಇವರು ನಿಂತರು. ನಾನೇನೋ ಬೇರೆ ಭಾಷೆಯಲ್ಲಿ ಮಾತಾಡಿದ ಹಾಗೆ ನೋಡಿದರು.

"ನಿನ್ನ ಫೋನ್ ಬಂದಾಗ ಅದು ಆಗಲೇ ನನ್ನ ಕೈಯಲ್ಲಿತ್ತು."

"ಅಂದ್ರೆ?"

"ಡ್ರೈವರುಗಳ ಗುಂಪಿನಲ್ಲಿ ಯಾರೋ ಏನೋ ಜೋಕು ಹಾಕಿದ್ರು. ಓದ್ತಿದ್ದೆ. ಅವತ್ತೊಂದಿನ ಅಲ್ಲ. ಎರಡು ವರ್ಷದಿಂದ ದಿನಾ ಓದ್ತಿದ್ದೆ. ಏನೂ ಆಗ್ತಿರಲಿಲ್ಲ, ಅದಕ್ಕೇ ಓದ್ತಿದ್ದೆ."

ನನಗೆ ಮೊದಲು ಆದದ್ದು ಸಮಾಧಾನ. ನಾಚಿಕೆಯಿಲ್ಲದೆ ಹೇಳುತ್ತೇನೆ, ನಾಲ್ಕು ತಿಂಗಳ ಭಾರ ಹೆಗಲಿಂದ ಇಳಿಯಿತು. ಅದರ ಬೆನ್ನಿಗೇ ಕೋಪ ಬಂತು. ಅದೇ ಬಸ್ಸಿಗೇ ನನ್ನ ಮಕ್ಕಳನ್ನು ಹತ್ತಿಸುತ್ತಿದ್ದೆ, ಅಪ್ಪನ ಬಸ್ಸು ಎಂದು. ಕೋಪದ ಹಿಂದೆಯೇ ಭಯ. ಇದು ಗೊತ್ತಿರುವವರು ಈಗ ಇಬ್ಬರೇ. ಇಬ್ಬರಲ್ಲೇ ಉಳಿದರೆ ಕೆಲಸ ಉಳಿಯುತ್ತದೆ.

"ಅಜ್ಜಾನೇ ತನ್ನ ತಪ್ಪು ಅಂತ ಬರೆದುಕೊಟ್ಟಾಗಿದೆ" ಎಂದೆ. "ಈಗ ಬಾಯಿ ಬಿಟ್ಟರೆ ಬಣ್ಣಗೇಡು. ಇನ್ನು ಮುಂದೆ ಫೋನು ಮನೆಯಲ್ಲೇ ಇಟ್ಟು ಹೋಗಿ, ಸಾಕು."

"ಅದೇ ಆಗಲ್ಲ. ಅವರು ಬರೆದುಕೊಟ್ಟಿದ್ದೇ ನನಗೆ ಆಗ್ತಿಲ್ಲ. ಸೀಟಲ್ಲಿ ಕೂತ್ರೆ ಆ ಕಾಗದಾನೇ ಕಣ್ಮುಂದೆ ಬರುತ್ತೆ."

ಇವರು ಅಂಗಡಿಯ ಕಡೆ ಹೊರಟರು. ನಾನು ಅಂಗಿಯ ತೋಳು ಹಿಡಿದೆ. ಬಲವಾಗಿಯೇ ಹಿಡಿದೆ. ಇವರು ಎಳೆದುಕೊಳ್ಳಲಿಲ್ಲ, ಬೈಯಲಿಲ್ಲ, ನಾನು ಬಿಡುವವರೆಗೆ ನಿಂತೇ ಇದ್ದರು. ಅಷ್ಟು ಹೊತ್ತು ಇವರು ಕದಲದೆ ನಿಂತದ್ದನ್ನು ನಾಲ್ಕು ತಿಂಗಳಲ್ಲಿ ನಾನು ನೋಡಿರಲಿಲ್ಲ. ಕೈ ಬಿಟ್ಟೆ.

ಅಂಗಡಿ ಒಂದು ಕೋಣೆಯಷ್ಟಗಲ. ಗೋಡೆಯ ತುಂಬ ಗಡಿಯಾರ, ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿತ್ತು. ಅಜ್ಜ ಮೇಜಿನ ಹಿಂದೆ ಕೂತು ಎಡಗೈಯಿಂದ ಸಣ್ಣ ಸಣ್ಣ ಸ್ಕ್ರೂಗಳನ್ನು ಡಬ್ಬಿಗೆ ಹಾಕುತ್ತಿದ್ದರು. ಬಲಗೈ ಮೇಜಿನ ಮೇಲೆ ಮಡಿಸಿಟ್ಟ ಬಟ್ಟೆಯ ಹಾಗೆ ಸುಮ್ಮನೆ ಬಿದ್ದಿತ್ತು. ಇವರನ್ನು ನೋಡಿದೊಡನೆ ಎದ್ದು ನಿಂತರು.

"ಬನ್ನಿ ಬನ್ನಿ. ನಾನೇ ಬಂದು ನಿಮ್ಮನ್ನ ನೋಡಬೇಕಿತ್ತು. ನನ್ನಿಂದ ನಿಮಗೆ ಎಷ್ಟು ತೊಂದರೆ ಆಯ್ತೋ ಏನೋ. ಕೆಲಸಕ್ಕೆ ಹೋಗ್ತಿದೀರ ತಾನೆ?"

ಅಜ್ಜ ಒಳಬಾಗಿಲಿನ ಕಡೆ ತಿರುಗಿ, ಎರಡು ಕುರ್ಚಿ ಕೊಡಮ್ಮ ಎಂದರು. ಸೊಸೆ ತಂದಿಟ್ಟಳು. "ಮಾವ, ಜಾಸ್ತಿ ಹೊತ್ತು ನಿಂತ್ಕೋಬೇಡಿ" ಎಂದು ಅಜ್ಜನ ತೋಳು ಹಿಡಿದು ಕೂರಿಸಿದಳು. ಇವರ ಗುರುತು ಅವಳಿಗೆ ಹತ್ತಲಿಲ್ಲ. "ಏನಾದ್ರೂ ಬೇಕಿದ್ರೆ ನನ್ನನ್ನೇ ಕೇಳಿ. ಮಾವ ಈಚೆಗೆ ಸ್ವಲ್ಪ ಮರೀತಾರೆ" ಎಂದು ನಮಗೆ ಹೇಳಿ ಒಳಗೆ ಹೋದಳು. ಅಜ್ಜ ತಲೆ ತಗ್ಗಿಸಿ ನಕ್ಕರು.

"ಎದುರಿನ ಹೋಟೆಲಿಗೆ ಟೀಗೆ ಹೋಗೋದಕ್ಕೂ ಅವಳ ಕೈ ಹಿಡ್ಕೊಂಡೇ ಹೋಗಬೇಕು ಈಗ. ಮಗ ಒಪ್ಪಲ್ಲ ಒಬ್ಬನೇ ಹೋಗೋಕೆ. ಅವನದ್ದೇನೂ ತಪ್ಪಿಲ್ಲ. ನನಗೇ ನೆನಪಿಲ್ಲವಲ್ಲ. ನಲವತ್ತು ವರ್ಷದಿಂದ ದಾಟಿದ ರಸ್ತೆ, ಅವತ್ತು ಹೇಗೆ ನೋಡದೆ ಇಳಿದೆ, ಗೊತ್ತಿಲ್ಲ. ಬುದ್ಧಿ ಜಾರೋದು ಹೀಗೇ ಶುರುವಾಗುತ್ತಂತೆ. ಕೂತ್ಕೊಳ್ಳಿ."

"ಕೂರಲ್ಲ" ಎಂದರು ಇವರು. "ನಿಂತೇ ಹೇಳ್ತೀನಿ."

ಹೇಳಿದರು. ದೂರದಿಂದಲೇ ಅಜ್ಜನನ್ನು ನೋಡಿದ್ದು, ಅಜ್ಜ ರಸ್ತೆ ದಾಟುವ ಬಿಳಿ ಪಟ್ಟೆಯ ಅಂಚಿನಲ್ಲಿ ನಿಂತಿದ್ದು, ಬಸ್ಸು ಇನ್ನೂ ದೂರವಿದ್ದದ್ದು, ತಾನು ಕಣ್ಣನ್ನು ಫೋನಿಗೆ ಇಳಿಸಿದ್ದು, ಮತ್ತೆ ಎತ್ತುವಷ್ಟರಲ್ಲಿ ಆದದ್ದು. ಎರಡು ವರ್ಷದ ಚಾಳಿಯನ್ನೂ ಹೇಳಿದರು. ನಾಳೆ ಡಿಪೋದಲ್ಲೂ ಇದನ್ನೇ ಬರೆದುಕೊಡುತ್ತೇನೆ ಎಂದರು. ಎಲ್ಲೂ ನನ್ನ ಹೆಸರು ಬರಲಿಲ್ಲ. ಮಾತು ಮುಗಿದ ಮೇಲೆ ಕೈ ಕಟ್ಟಿ ನಿಂತರು. ಅಜ್ಜ ಬೈಯಲಿ, ಹೊಡೆಯಲಿ, ಪೊಲೀಸರನ್ನು ಕರೆಯಲಿ ಎಂದು ನಾನೂ ಕಾದೆ.

ಅಜ್ಜ ಇವರ ಮುಖ ನೋಡಲಿಲ್ಲ. ಬಾಗಿಲಾಚೆಯ ರಸ್ತೆಯನ್ನು ನೋಡುತ್ತಿದ್ದರು.

"ನಾನು ನಿಂತಿದ್ದೆನಾ?" ಎಂದರು.

"ನಿಂತಿದ್ರಿ."

"ಪಟ್ಟೆ ಹತ್ರ?"

"ಪಟ್ಟೆ ಹತ್ರಾನೇ."

"ನೋಡಿದೆನಾ?"

"ನೋಡಿದ್ರಿ. ಬಲಗಡೆ ನೋಡಿದ್ರಿ, ಎಡಗಡೆ ನೋಡಿದ್ರಿ. ನನ್ನ ಕಡೆಗೂ ನೋಡಿದ್ರಿ. ಬಸ್ಸು ನಿಲ್ಲುತ್ತೆ ಅಂದ್ಕೊಂಡ್ರಿ."

ಅಜ್ಜ ಎಡಗೈಯಿಂದ ಮೇಜು ಹಿಡಿದು, ಯಾರ ಸಹಾಯವೂ ಇಲ್ಲದೆ ಎದ್ದು ನಿಂತರು. ಕೋಪ ಈಗ ಬರುತ್ತದೆ ಎಂದುಕೊಂಡೆ. ಬಂದೇ ಬರುತ್ತದೆ, ಇವತ್ತಲ್ಲದಿದ್ದರೆ ನಾಳೆ, ಅದು ನ್ಯಾಯವೇ. ಆದರೆ ಅಜ್ಜ ಒಳಬಾಗಿಲಿನ ಕಡೆ ತಿರುಗಿ ಸೊಸೆಯನ್ನು ಕೂಗಿದರು. ಮುದುಕರ ದನಿಯಾಗಿರಲಿಲ್ಲ ಅದು.

"ಇಲ್ಲಿ ಬಾಮ್ಮ. ನಿನ್ನ ಗಂಡನಿಗೂ ಫೋನ್ ಮಾಡಿ ಕರೆಸು. ನಾನು ನೋಡಿಕೊಂಡೇ ದಾಟಿದ್ದೆನಂತೆ."

ಸೊಸೆ ಒದ್ದೆ ಕೈಯಲ್ಲೇ ಬಂದು ನಿಂತಳು. ಅಜ್ಜ ಇವರ ಕಡೆ ತಿರುಗಿದರು.

"ಇನ್ನೊಂದು ಸಲ ಹೇಳಿ. ಇವಳೆದುರಿಗೆ ಹೇಳಿ. ಮೊದಲಿಂದ."